ಬಸಿಗಾಲುವೆಯ ಬಾಬ್ತು

ನೆಲಮಾಳಿಗೆಯ ಕಿಟಕಿಯಿಂದ ದೊನಾ ಆರ್ವೆಗೆ ಕಾಣುತ್ತಿದ್ದದ್ದು ಬೂಟುಗಳು ಮಾತ್ರ. ಕಿಟಕಿಯ ಕೆಳ ಅಂಚು ಹಿತ್ತಲ ಹುಲ್ಲಿನ ಮಟ್ಟಕ್ಕೇ ಇತ್ತು. ಮನೆಯನ್ನು ಮಗಳ ಹೆಸರಿಗೆ ಬರೆದು, ಮೇಲಿನ ಅಂತಸ್ತನ್ನು ಅವಳ ಸಂಸಾರಕ್ಕೆ ಬಿಟ್ಟು, ತಾನು, ಹೆಂಡತಿ ಕೊಲೊಂಬ್ ಇಬ್ಬರೂ ಕೆಳಗಿಳಿದು ಬಂದ ಈ ಆರು ವರ್ಷಗಳಲ್ಲಿ ಜನರನ್ನು ಕಾಲುಗಳಿಂದಲೇ ಗುರುತಿಸುವುದು ಅವನಿಗೆ ರೂಢಿಯಾಗಿತ್ತು. ಮಗಳು ಮರೀಜ್‌ಳ ಹಸಿರು ರಬ್ಬರ್ ಚಪ್ಪಲಿ ಅವಸರದಲ್ಲಿತ್ತು. ಅದರ ಹಿಂದೆ ನಡೆಯುತ್ತಿದ್ದ ಮಣ್ಣು ಮೆತ್ತಿದ ದಪ್ಪ ಬೂಟುಗಳಿಗೆ ಅವಸರವಿರಲಿಲ್ಲ. ನಾಲ್ಕು ಹೆಜ್ಜೆ ನಡೆದು ನಿಲ್ಲುವವು, ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡುವವು, ಮತ್ತೆ ನಡೆಯುವವು. ಮೇ ತಿಂಗಳ ಎರಡನೆಯ ವಾರ. ಬೇಲಿಯ ನೆರಳಲ್ಲಿ ಕೊನೆಯ ಹಿಮದ ರಾಶಿ ಕೊಳಕು ಹತ್ತಿಯ ಹಾಗೆ ಬಿದ್ದಿತ್ತು. ಈ ಬೂಟುಗಳು ಎಲ್ಲಿ ನಿಲ್ಲುತ್ತವೆ ಎಂಬುದು ದೊನಾಗೆ ಗೊತ್ತಿತ್ತು. ಲೈಲಾಕ್ ಗಿಡದಿಂದ ಒಂಬತ್ತು ಹೆಜ್ಜೆ ಆಚೆ ಹುಲ್ಲು ಒಂದು ಕೈ ಅಗಲ ತಗ್ಗಿದೆ. ಅಲ್ಲಿಂದ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಒಂದು ಆಯತ ಪ್ರತಿ ವರ್ಷವೂ ಉಳಿದ ಹಿತ್ತಲಿಗಿಂತ ನಾಲ್ಕು ದಿನ ಮೊದಲೇ ಹಸಿರಾಗುತ್ತದೆ. ಬೂಟುಗಳು ಅಲ್ಲೇ ನಿಂತವು.

"ಮೇಲೆ ಹೋಗಲ್ವಾ?" ಕೊಲೊಂಬ್ ರೂಬಾರ್ಬ್ ಎಂಬ ಹುಳಿ ದಂಟಿನ ನಾರು ಸುಲಿಯುತ್ತಾ ಕೇಳಿದಳು. "ಬಂದಿರೋದು ನಿನ್ನ ಶಿಷ್ಯೆ. ಆ ಮಾಲ್ತೆಯವರ ಜೋಜಿಯಾನ್. ಈಗ ಊರಲ್ಲೆಲ್ಲಾ ಈಜುಕೊಳ ಹಾಕೋದು ಅವಳೇ."

"ಈ ಊರಲ್ಲಿ ನನ್ನ ಶಿಷ್ಯರಲ್ಲದೋರು ಯಾರಿದಾರೆ? ನಲ್ಲಿ ರಿಪೇರಿಯವನೂ ಶಿಷ್ಯನೇ."

"ಹೌದು, ಅವನಿಗೆ ನೀನು ಮೂವತ್ತೆರಡು ಮಾರ್ಕು ಕೊಟ್ಟಿದ್ದೆಯಂತೆ. ಅದಕ್ಕೇ ನಲ್ಲಿ ಇನ್ನೂ ತೊಟ್ಟಿಕ್ತಾ ಇದೆ."

ಅವನು ನಗಲು ನೋಡಿದ. ಎಪ್ಪತ್ತನಾಲ್ಕರ ಕೊಲೊಂಬ್ ಈಗಲೂ ತನ್ನ ಹಾಸ್ಯಕ್ಕೆ ತಾನು ನಗುವವಳಲ್ಲ. ಕೇಳಿದವರು ನಕ್ಕರೋ ಇಲ್ಲವೋ ಎಂದು ಕಣ್ಣ ಅಂಚಿನಲ್ಲಿ ನೋಡಿ ಕೆಲಸಕ್ಕೆ ಮರಳುತ್ತಾಳೆ. ಅವಳ ಅಣ್ಣ ಲೊರೆಯಾನೂ ಹಾಗೆಯೇ. ಹಾಗೆಯೇ ಇದ್ದ ಎನ್ನಬೇಕೇನೋ, ಈಗ ಹೇಗೋ ಏನೋ. ಅವನಿರುವುದು ಸಗ್ನೆ ನದಿಯಾಚೆ, ಕಾರಿನಲ್ಲಿ ಹದಿನಾಲ್ಕು ನಿಮಿಷದ ದಾರಿ, ವಯಸ್ಸಾದವರ ವಸತಿಯ ಎರಡನೆಯ ಮಹಡಿಯಲ್ಲಿ. ಅಣ್ಣತಂಗಿ ಭೇಟಿಯಾಗುವುದು ಸಾವಿನ ಮನೆಗಳಲ್ಲಿ ಮಾತ್ರ. ಆಗಲೂ ಇಬ್ಬರೂ ಹವಾಮಾನದ ಮಾತಾಡುತ್ತಾರೆ. ಅದಕ್ಕೆ ಕಾರಣವಾದದ್ದು ಈ ಹುಲ್ಲಿನ ಕೆಳಗಿದೆ. ಕೊಲೊಂಬ್‌ಗೆ ಗೊತ್ತಿರುವ ಕಾರಣ ಒಂದು, ನಿಜವಾದ ಕಾರಣ ಇನ್ನೊಂದು ಎಂಬುದನ್ನು ಬಲ್ಲವರು ಇಬ್ಬರೇ. ಒಬ್ಬ ನದಿಯಾಚೆ ಇದ್ದಾನೆ. ಇನ್ನೊಬ್ಬ ಇಲ್ಲಿ ಕಿಟಕಿಯ ಬಳಿ ನಿಂತು, ಮಣ್ಣು ಅಗೆದರೆ ಮೊದಲು ಏನು ಸಿಗಬಹುದು ಎಂದು ಯೋಚಿಸುತ್ತಿದ್ದಾನೆ.

ನೀಲಿ. ಮೊದಲು ಸಿಗುವುದು ಒಡೆದು ಹೂತ ಹಳೆಯ ಈಜುಕೊಳದ ನೀಲಿ ಚೂರು. ಎಂಬತ್ತಮೂರರ ಜೂನಿನಲ್ಲಿ ಆ ಫೈಬರ್‌ಗ್ಲಾಸ್ ತೊಟ್ಟಿ ಲಾರಿಯ ಮೇಲೆ ಬೋರಲಾಗಿ ಬಂದಾಗ ಬೀದಿಯ ಮಕ್ಕಳೆಲ್ಲ ಸೈಕಲ್ಲಿನಲ್ಲಿ ಹಿಂದೆ ಬಿದ್ದಿದ್ದರು, ತಿಮಿಂಗಿಲವನ್ನು ಮೆರವಣಿಗೆಯಲ್ಲಿ ತಂದ ಹಾಗೆ. ಮುಂದೆ ನಡೆಯುತ್ತಾ, ವಿದ್ಯುತ್ ತಂತಿಗಳನ್ನು ಉದ್ದನೆಯ ಕೋಲಿನಿಂದ ಎತ್ತಿ ಹಿಡಿಯುತ್ತಾ, ಎಡಗೈಯಿಂದ ಲಾರಿಯವನಿಗೆ ಸನ್ನೆ ಮಾಡುತ್ತಾ ಬಂದವನು ಲೊರೆಯಾ. ಎಡಚ. ಸಲಿಕೆ ಹಿಡಿದರೂ ಎಡಗಡೆಗೆ, ಗಂಟು ಹಾಕಿದರೂ ತಿರುಗಾಮುರುಗಾ. ತಂಗಿಗೆಂದು ಕೂಲಿ ಬಿಟ್ಟು ಬರೀ ಸಾಮಾನಿನ ಖರ್ಚಿಗೆ ಕೊಳ ಹಾಕಿಕೊಟ್ಟ. "ವರ್ಷಕ್ಕೆ ಹನ್ನೊಂದು ವಾರ ಈಜೋಕೆ ಇಷ್ಟೊಂದು ಗುಂಡಿ!" ಎಂದು ಪಕ್ಕದ ಮನೆಯ ಗೊಂಜಾಗ್ ಬೇಲಿಯ ಮೇಲಿಂದ ಇಣುಕಿ ಹೇಳಿದ್ದಕ್ಕೆ ಲೊರೆಯಾ, "ಉಳಿದ ನಲವತ್ತೊಂದು ವಾರ ನೆನಪು ಮಾಡ್ಕೊಳ್ಳೋಕೆ, ಸ್ವಾಮಿ" ಎಂದಿದ್ದ. ಎಷ್ಟು ಸರಿಯಾಗಿ ಹೇಳಿದ್ದ. ಆ ಎರಡು ಬೇಸಿಗೆ ದೊನಾನ ಮನಸ್ಸಿನಲ್ಲಿ ಇಡೀ ಬಾಳಿಗಿಂತ ದೊಡ್ಡ ಜಾಗ ಹಿಡಿದು ಕೂತಿವೆ. ಹತ್ತೊಂಬತ್ತು ಡಿಗ್ರಿಯ ನೀರಿನಲ್ಲಿ ತುಟಿ ನೀಲಿಗಟ್ಟಿದರೂ ಮೇಲೆ ಬರಲೊಲ್ಲದ ಏಳು ವರ್ಷದ ಮರೀಜ್. ಹಳದಿ ಈಜುಡುಗೆಯಲ್ಲಿ ಅಂಚಿನ ಮೇಲೆ ಕೂತು, ಪಾದಗಳನ್ನಷ್ಟೇ ಅದ್ದಿ, "ಇನ್ನೈದು ನಿಮಿಷ, ಅಷ್ಟೇ" ಎಂದು ಅರ್ಧ ಗಂಟೆ ಹೇಳುತ್ತಲೇ ಇರುವ ಕೊಲೊಂಬ್. ಆಗಸ್ಟಿನಲ್ಲಿ ದೊಡ್ಡ ಹಂಡೆಯಲ್ಲಿ ಬೇಯುವ ಮುಸುಕಿನ ಜೋಳ, ಹಿತ್ತಲ ತುಂಬ ಸಿಪ್ಪೆ, ಬೆಣ್ಣೆ ಹತ್ತಿದ ಗಲ್ಲಗಳು. ಕ್ಲೋರಿನ್ನೂ ಬೆಂದ ಜೋಳವೂ ಬೆರೆತ ಆ ವಾಸನೆ ಯಾವ ಸೀಸೆಯಲ್ಲೂ ಇಲ್ಲ. ಒಮ್ಮೆ ಪ್ರಯೋಗಶಾಲೆಯಲ್ಲಿ ಬ್ಲೀಚಿನ ಡಬ್ಬಿ ಉರುಳಿದಾಗ ಅದರ ಅರ್ಧ ಸಿಕ್ಕಿತ್ತು. ಆ ಅರ್ಧಕ್ಕೇ ಅವನು ಪಾಠ ನಿಲ್ಲಿಸಿ ಕಿಟಕಿಯ ಕಡೆ ತಿರುಗಿದ್ದ.

"ಅಪ್ಪಾ!" ಮೆಟ್ಟಿಲ ತಲೆಯಿಂದ ಮರೀಜ್ ಕೂಗಿದಳು. "ಬನ್ನಿ ಮೇಲೆ. ಕಾಫಿ ಇದೆ. ಜೋಜಿಯಾನ್ ಅಂದಾಜು ಪಟ್ಟಿ ಮಾಡ್ತಾ ಇದಾರೆ."

ಅವನು ಕಟಕಟೆ ಹಿಡಿದು ಹತ್ತಿದ. ಹದಿಮೂರು ಮೆಟ್ಟಿಲು. ಮೇಜಿನ ಮುಂದೆ ಕೂತಿದ್ದ ಹೆಂಗಸು ಎದ್ದು ನಿಂತಳು. ಐವತ್ತೈದರ ಹತ್ತಿರ, ನೆರೆತ ಕೂದಲನ್ನು ಗಂಡಸಿನ ಹಾಗೆ ಕತ್ತರಿಸಿದ್ದಾಳೆ, ಉಗುರಿನಲ್ಲಿ ಬೂದು ಜೇಡಿ. ಬೂಟು ಕಳಚಿ ಬಾಗಿಲಲ್ಲಿಟ್ಟು ಉಣ್ಣೆಯ ಕಾಲುಚೀಲದಲ್ಲಿ ನಿಂತಿದ್ದಳು.

"ಕೂತ್ಕೊಳ್ಳಿ ಮೇಷ್ಟ್ರೇ. ನೀವು ನಿಂತ್ರೆ ನನಗೆ ಹೋಂವರ್ಕ್ ಮಾಡಿಲ್ಲ ಅನ್ನೋ ಭಯ ಆಗುತ್ತೆ."

"ಮಾಡಿದೀಯಾ?"

"ಇಗೋ, ಎರಡು ಪುಟ."

ಅವಳು ಓದುತ್ತಾ ಹೋದಳು. ತೊಟ್ಟಿ. ಗುಂಡಿ ತೋಡುವುದು, ಜೇಡಿಮಣ್ಣು ಸಾಗಿಸುವುದು. ಇಲ್ಲಿ ನೆಲ ಎರಡು ಮೀಟರಿನವರೆಗೆ ಹೆಪ್ಪುಗಟ್ಟುವುದರಿಂದ ಕೊಳವೆಗಳನ್ನೆಲ್ಲ ಇಳಿಜಾರಿನಲ್ಲಿ ಹೂತು, ಸುತ್ತ ನಿರೋಧಕ ಹಲಗೆ. ನೀರು ಬೆಚ್ಚಗಿಡುವ ಯಂತ್ರ, ಅದು ಇಲ್ಲದೆ ಜುಲೈ ಹದಿನೈದರ ಮುಂಚೆ ಯಾರೂ ಇಳಿಯುವುದಿಲ್ಲ. ಚಳಿಗಾಲದ ಹೊದಿಕೆ. ಕಾನೂನಿನ ಪ್ರಕಾರ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು. ಒಟ್ಟು ಎಂಬತ್ತಾರು ಸಾವಿರ ಡಾಲರ್. ಮರೀಜ್ ತುಟಿಯೊಳಗೆ ಶಿಳ್ಳೆ ಹಾಕಿದಳು. ಮೂರು ವರ್ಷದಿಂದ ಆಸ್ಪತ್ರೆಯಲ್ಲಿ ಹೆಚ್ಚಿನ ಪಾಳಿ ಮಾಡಿ ಕೂಡಿಟ್ಟದ್ದು ಎಷ್ಟೆಂದು ದೊನಾಗೆ ಗೊತ್ತಿತ್ತು. ಯಾಕೆಂದೂ ಗೊತ್ತಿತ್ತು. ಮಕ್ಕಳಿಗಾಗಿ ಎನ್ನುತ್ತಾಳೆ, ಆದರೆ ನಲವತ್ತೇಳರ ಈ ಹೆಂಗಸು ತನ್ನ ಏಳು ಎಂಟನೆಯ ವಯಸ್ಸನ್ನು ವಾಪಸು ಕೊಳ್ಳಲು ಹೊರಟಿದ್ದಾಳೆ. ಮೊನ್ನೆ ಚಿತ್ರ ಬರೆದು ತೋರಿಸಿದ್ದಳು. ಅದೇ ನೀಲಿ, ಅದೇ ಅಳತೆ, ಏಣಿ ಕೂಡ ಅದೇ ಮೂಲೆಗೆ.

"ಇದೇನಿದು, ಬಸಿಗಾಲುವೆ, ತಳದ ಬಾವಿ, ಒತ್ತಡದ ಕವಾಟ? ಹನ್ನೊಂದು ಸಾವಿರದ ನಾನೂರು!" ಮರೀಜ್ ಬೆರಳಿಟ್ಟಳು. "ಇದೊಂದು ತೆಗೆದುಬಿಟ್ರೆ ನನಗೆ ಸಾಲ ಬೇಕಾಗಲ್ಲ."

"ತೆಗೀಬಹುದು. ಕೆಲವರು ತೆಗೀತಾರೆ. ಆದರೆ ಮೊದಲು ಒಂದು ಮಾತು ಗೊತ್ತಾಗಬೇಕು." ಜೋಜಿಯಾನ್ ಪೆನ್ನಿನ ಹಿಂಭಾಗದಿಂದ ಕಾಗದ ತಟ್ಟಿದಳು. "ಇಲ್ಲಿ ಹಳೇ ಕೊಳ ಇತ್ತಲ್ಲ, ಅದು ನೆಲ ಬಿಟ್ಟು ಮೇಲೆ ಎದ್ದದ್ದು ಯಾಕೆ?"

"ಅಯ್ಯೋ, ಅದು ಲೊರೆಯಾ ಮಾವನ ಕೆಲಸ," ಎಂದಳು ಮರೀಜ್. "ತಳ ಸರಿಯಾಗಿ ಕುಟ್ಟಿರಲಿಲ್ಲ. ಬಿರುಕು ಬಿಟ್ಟು ನೀರೆಲ್ಲ ಸೋರಿಹೋಯ್ತು, ಹಗುರ ಆಗಿ ಎದ್ದುಬಿಡ್ತು. ಅಲ್ವಾಪ್ಪಾ?"

ಜೋಜಿಯಾನ್ ಅವನ ಕಡೆ ನೋಡಿದಳು. ಮೂರನೆಯ ಸಾಲು, ಕಿಟಕಿಯ ಪಕ್ಕ, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿ. ಎಂಬತ್ತೈದರ ಮೇ ತಿಂಗಳ ಮೊದಲ ಸೋಮವಾರ. ಊರಿಗೆಲ್ಲ ಸುದ್ದಿಯಾಗಿತ್ತು, ಮೇಷ್ಟರ ಹಿತ್ತಲಲ್ಲಿ ಕೊಳ ದೋಣಿಯ ಹಾಗೆ ಎದ್ದು ನಿಂತಿದೆ ಎಂದು. ಹುಡುಗರು ಶಾಲೆ ಬಿಟ್ಟ ಮೇಲೆ ಬೇಲಿಯ ಸಂದಿನಿಂದ ನೋಡಿಹೋಗಿದ್ದರು. ಅವನು ಕಪ್ಪು ಹಲಗೆಯ ಮೇಲೆ ದ್ರವಗಳ ಒತ್ತಡದ ಸೂತ್ರ ಬರೆಯುತ್ತಿದ್ದ. ಆ ಹುಡುಗಿ ಕೈ ಎತ್ತಿದಳು. "ಸರ್, ತುಂಬಿರೋ ತೊಟ್ಟಿ ತೇಲುತ್ತಾ?" ತರಗತಿ ಕಿಸಕ್ಕೆಂದಿತು. ಅವಳು ನಗುತ್ತಿರಲಿಲ್ಲ, ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. "ಬಿರುಕು ಮೊದಲು ಬಂತೋ, ತೇಲಿದ್ದು ಮೊದಲೋ, ಸರ್? ಬಿರುಕಿನಲ್ಲಿ ಒಳಗಿನ ನೀರು ಹೊರಗೆ ಹೋಗೋದಾದ್ರೆ ಹೊರಗಿನ ನೀರೂ ಒಳಗೆ ಬರಬೇಕಲ್ವಾ? ಆಮೇಲೆ ಎರಡೂ ಕಡೆ ಸಮ ಆಗಿಬಿಡಲ್ವಾ?" ಹದಿನೈದು ವರ್ಷದ ಹುಡುಗಿ ಅವನ ಸುಳ್ಳಿಗೆ ಸೀದಾ ತೂತು ಕೊರೆದಿದ್ದಳು. ಮೂವತ್ತೊಂದು ವರ್ಷದ ವೃತ್ತಿಯಲ್ಲಿ ಅಂಥ ಒಳ್ಳೆಯ ಪ್ರಶ್ನೆ ಅವನಿಗೆ ಮತ್ತೆ ಬಂದಿಲ್ಲ. "ಅದು ಪಠ್ಯದಲ್ಲಿಲ್ಲ. ಕೂತ್ಕೋ," ಎಂದಿದ್ದ ಅವನು. ಅವಳು ಕೂತಿದ್ದಳು. ಕೈ ಮಾತ್ರ ಒಂದು ಗಳಿಗೆ ಮೇಲೇ ಉಳಿದಿತ್ತು.

"ಹಳೇ ಮಾತು," ಎಂದ ದೊನಾ ಈಗ. "ಯಾರಿಗೆ ನೆನಪಿರುತ್ತೆ."

"ನಿಮಗಿರುತ್ತೆ ಅಂದ್ಕೊಂಡೆ," ಎಂದು ಅವಳು ಮೆಲ್ಲಗೆ ಹೇಳಿ ಕಾಗದ ತಿರುಗಿಸಿದಳು. "ಕೆಟ್ಟ ಕೆಲಸದಿಂದ ಎದ್ದಿದ್ರೆ ನಾನು ಒಳ್ಳೇ ಕೆಲಸ ಮಾಡ್ತೀನಿ, ಕಾಲುವೆ ಬೇಡ. ಅಡೀಲಿ ನಿಂತ ನೀರಿನಿಂದ ಎದ್ದಿದ್ರೆ ಅದನ್ನ ಬಸಿಯೋಕೆ ಬೇಕೇ ಬೇಕು. ಬೇಡ ಅಂದ್ರೆ ಮರೀಜ್, ನೀವು ಇಲ್ಲಿ ಸಹಿ ಹಾಕ್ಬೇಕು, ಮುಂದೆ ಏನಾದ್ರೂ ಆದ್ರೆ ನನ್ನ ಹೊಣೆ ಅಲ್ಲ ಅಂತ."

"ಹಾಕ್ತೀನಿ ಕೊಡಿ. ಮಾವನ ಒರಟು ಕೆಲಸಕ್ಕೆ ನಾನ್ಯಾಕೆ ಹನ್ನೊಂದು ಸಾವಿರ ದಂಡ ಕಟ್ಟಲಿ?"

ಒರಟು ಕೆಲಸ. ಆ ಎರಡೂ ಸೆಪ್ಟೆಂಬರಿನಲ್ಲಿ ಲೊರೆಯಾ ತಾನೇ ಬಂದು ಕೊಳ ಮಲಗಿಸಿ ಹೋಗುತ್ತಿದ್ದ. ಕೊಳ ಮುಚ್ಚುವುದು ಎಂದು ಅವನು ಹೇಳುತ್ತಿರಲಿಲ್ಲ, ಮಲಗಿಸುವುದು ಎನ್ನುತ್ತಿದ್ದ. ನೀರನ್ನು ಬಾಯಿಯ ಕೆಳಗೆ ಒಂದು ಗೇಣು ಇಳಿಸಿ, ಕೊಳವೆಗಳಿಗೆ ಗಾಳಿ ಊದಿ, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ಸುರಿದು, ಮಂಜುಗಡ್ಡೆ ಗೋಡೆಯನ್ನು ಬಿಟ್ಟು ಮರವನ್ನೇ ಹಿಂಡಲಿ ಎಂದು ನಾಲ್ಕು ದಿಮ್ಮಿ ತೇಲಿಬಿಡುತ್ತಿದ್ದ. ಉಳಿದ ನೀರು ಹಾಗೇ ಇರಬೇಕು. "ಇದರ ಹೊಟ್ಟೆ ಖಾಲಿ ಇಡಬಾರದು. ಅದರಲ್ಲೂ ಹಿಮ ಕರಗೋವಾಗ. ಖಾಲಿ ಹೊಟ್ಟೇಲಿ ಯಾರು ಮಲಗ್ತಾರೆ? ಎದ್ದುಬಿಡುತ್ತೆ." ಆಮೇಲೆ ಟೋಪಿ ಸರಿಮಾಡಿಕೊಂಡು, ತುಸು ನಾಚಿ, "ನಿಮಗೆ ನಾನೇನು ಹೇಳೋದು ಮೇಷ್ಟ್ರೇ, ಓದಿದೋರು" ಎಂದಿದ್ದ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಆ ನಾಚಿಕೆ ದೊನಾಗೆ ಹಿತವಾಗಿತ್ತು. ಎರಡನೆಯ ಚಳಿಗಾಲ ಕಳೆದು ಏಪ್ರಿಲಿನಲ್ಲಿ ಹೊದಿಕೆ ತೆಗೆದರೆ ಹಸಿರು ಲೋಳೆ, ಕೊಳೆತ ಎಲೆ, ಸತ್ತ ಕಪ್ಪೆ. "ಏನ್ ಮೇಷ್ಟ್ರೇ, ಕಪ್ಪೆ ಸೂಪು ಯಾವತ್ತು?" ಎಂದ ಗೊಂಜಾಗ್. ಮರೀಜ್‌ಳ ಚರ್ಚಿನ ಮೊದಲ ಪರಮಪ್ರಸಾದದ ಹಬ್ಬಕ್ಕೆ ಎರಡು ವಾರವಿತ್ತು, ನೆಂಟರೆಲ್ಲ ಹಿತ್ತಲಿಗೆ ಬರುವವರು. ದೊನಾ ಕಾಗದ ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿದ. ತೊಟ್ಟಿ ಒಂದು ಟನ್ನು, ಅದನ್ನು ಎತ್ತಲು ಅಡಿಯಲ್ಲಿ ನಾಲ್ಕು ಬೆರಳು ನೀರು ಸಾಕು, ಅಂಚಿನ ಕಾಂಕ್ರೀಟಿನ ಹಿಡಿತ ಸೇರಿಸಿದರೆ ಮೊಣಕಾಲುದ್ದ. ಆದರೆ ಸುತ್ತ ಇರುವುದು ಜೇಡಿ. ಜೇಡಿ ನೀರು ಬಿಡುವುದಿಲ್ಲ. ನೀರು ಬರಲಾರದ ಕಡೆ ತೊಟ್ಟಿ ಹೇಗೆ ತೇಲೀತು? ಲೆಕ್ಕದಲ್ಲಿ ತಪ್ಪಿರಲಿಲ್ಲ. ತೊಟ್ಟಿಗೂ ಜೇಡಿಗೂ ನಡುವೆ ಲೊರೆಯಾ ತುಂಬಿದ ಜಲ್ಲಿಯನ್ನು ಅವನು ಮರೆತಿದ್ದ. ಮೇಲಿನ ಹಿಮವೆಲ್ಲ ಕರಗಿ ಆ ಜಲ್ಲಿಯೊಳಗೆ ಇಳಿದಿತ್ತು. ಜೇಡಿ ನೀರು ಬಿಡದ್ದರಿಂದಲೇ ಅದು ಅಲ್ಲಿಂದ ಹೊರಗೆ ಹೋಗಲಾರದೆ, ಬಟ್ಟಲೊಳಗೆ ಬಟ್ಟಲಿಟ್ಟ ಹಾಗೆ, ಸುತ್ತ ತುಂಬಿ ನಿಂತಿತ್ತು.

ಕೊಲೊಂಬ್ ಮತ್ತು ಮರೀಜ್ ಅಜ್ಜಿಯ ಊರಿಗೆ ಹೋಗಿದ್ದ ಶನಿವಾರ ಅವನು ಶಾಲೆಯಿಂದ ಪಂಪು ತಂದು ಇಡೀ ಹಗಲು ನೀರು ಹೊಡೆದ. ಸಂಜೆ ಹೊಳೆಯುವ ನೀಲಿ ತಳದಲ್ಲಿ ಬರಿಗಾಲಲ್ಲಿ ನಿಂತು ಉಜ್ಜಿದ. ಎಷ್ಟು ಸಂತೋಷವಿತ್ತು ಆಗ. ಪಂಪನ್ನು ಆ ಸಂಜೆಯೇ ಹಿಂದಿರುಗಿಸಿದ. ಭಾನುವಾರ ಬೆಳಿಗ್ಗೆ ನದಿಯ ಮಂಜುಗಡ್ಡೆ ಒಡೆದಂಥ ಸದ್ದು. ಅಂಚಿನ ಕಾಂಕ್ರೀಟನ್ನು ಬಿಸ್ಕತ್ತಿನ ಹಾಗೆ ಮುರಿದುಕೊಂಡು ತೊಟ್ಟಿ ಎರಡಡಿ ಮೇಲೆ ಬಂದು, ಒಂದು ಕಡೆ ವಾಲಿ, ಅಡ್ಡಡ್ಡ ಸೀಳಿತ್ತು. ಮಧ್ಯಾಹ್ನಕ್ಕೆ ಲೊರೆಯಾ ಬಂದ. ಸುತ್ತ ಒಂದು ಸಲ ನಡೆದ. ಬಗ್ಗಿ ಒಳಗೆ ನೋಡಿದ, ಉಜ್ಜಿ ತೊಳೆದ ತಳ. ಆಮೇಲೆ ಲೈಲಾಕ್ ಗಿಡದ ಬುಡದಲ್ಲಿ ದೊನಾ ಮರೆತಿದ್ದ ಪಂಪಿನ ಉದ್ದ ಕೊಳವೆ ಕಂಡಿತು. ಅದೇ ಹೊತ್ತಿಗೆ ಕೊಲೊಂಬ್‌ಳ ಕಾರು ಬೀದಿಯ ತಿರುವಿನಲ್ಲಿ ಸದ್ದು ಮಾಡಿತು. ಲೊರೆಯಾ ಕೊಳವೆಯನ್ನು ಎತ್ತಿ, ಮೊಣಕೈಗೂ ಹೆಬ್ಬೆರಳಿಗೂ ನಡುವೆ ನಿಧಾನವಾಗಿ ಸುತ್ತಿ, ಸಿಂಬಿ ಮಾಡಿ, ಷೆಡ್ಡಿನ ಮೊಳೆಗೆ ನೇತುಹಾಕಿ ಬಂದ. ಕೊಲೊಂಬ್ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು. "ತಳ ಕುಟ್ಟಿದ್ದು ಸಾಲದಾಗಿತ್ತು ಅನ್ಸುತ್ತೆ, ಬಿರುಕು ಬಿಟ್ಟಿದೆ," ಎಂದು ಹೇಳಿದ ಧ್ವನಿ ದೊನಾನದು. ಅವನು ಅದನ್ನು ಯೋಚಿಸಿ ಹೇಳಿರಲಿಲ್ಲ. ಹೇಳಿ ಲೊರೆಯಾನ ಕಡೆ ನೋಡಿದ. ಲೊರೆಯಾ ಕೈಗೆ ಹತ್ತಿದ ಕೆಸರನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. "ಇರಬಹುದು," ಎಂದ.

ಇರಬಹುದು. ಆ ಒಂದು ಮಾತಿನ ಮೇಲೆ ದೊನಾ ಮೂವತ್ತೆಂಟು ವರ್ಷ ಗೌರವಸ್ಥನಾಗಿ ಬಾಳಿದ. ಆ ಬೇಸಿಗೆಯಲ್ಲಿ ಲೊರೆಯಾಗೆ ಕೊಡಬೇಕಿದ್ದ ಮೂರು ಕೊಳದ ಕೆಲಸ ಬೇರೆಯವರಿಗೆ ಹೋಯಿತು. ಹೊಸ ವರ್ಷದ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲ ಸೇರಿದಾಗ, ಮಾಂಸದ ಕಡುಬು ಮೇಜಿಗೆ ಬಂದಾಗ, ಕೊಲೊಂಬ್ ಎಲ್ಲರ ಮುಂದೆ ಅಂದಳು: "ಸ್ವಂತ ತಂಗಿಗೆ ಒಂದು ಗುಂಡಿ ನೆಟ್ಟಗೆ ತೋಡಕ್ಕಾಗಲಿಲ್ಲ ನಿನ್ನ ಕೈಲಿ. ಒಳಗೆ ನನ್ನ ಮಗು ಇದ್ದಿದ್ರೆ?" ಲೊರೆಯಾ ದೊನಾನ ಕಡೆ ತಿರುಗಿದ. ಎಷ್ಟು ಹೊತ್ತು? ಒಂದು ತುತ್ತು ನುಂಗುವಷ್ಟು ಹೊತ್ತು. ಕೋಪವಿರಲಿಲ್ಲ ಆ ನೋಟದಲ್ಲಿ. ಬಾಗಿಲು ಹಿಡಿದು ನಿಂತವನು, ಒಳಗಿನವರು ಹೊರಗೆ ಬರುತ್ತಾರೋ ಇಲ್ಲವೋ ಎಂದು ಕಾಯುವ ಹಾಗೆ ಕಾದ. ದೊನಾ ಟೊಮ್ಯಾಟೊ ಗೊಜ್ಜಿನ ಬಟ್ಟಲನ್ನು ಪಕ್ಕದವರಿಗೆ ದಾಟಿಸಿದ. ಆ ವರ್ಷವೇ ಲೊರೆಯಾ ಉತ್ತರದ ಅಣೆಕಟ್ಟೆಯ ಕ್ಯಾಂಪಿಗೆ ಕೂಲಿಗೆ ಹೋದ. ಅಲ್ಲಿ ಇಪ್ಪತ್ತು ವರ್ಷ.

ಮರೀಜ್ ಪೆನ್ನಿನ ಮುಚ್ಚಳ ತೆಗೆದಳು. ಮೆಟ್ಟಿಲ ಮೇಲೆ ಕೊಲೊಂಬ್‌ಳ ಹೆಜ್ಜೆ. ಬಿಸಿ ರೂಬಾರ್ಬಿನ ಬಟ್ಟಲು ಹಿಡಿದು ಅವಳು ಬಾಗಿಲಲ್ಲಿ ಕಾಣಿಸಿಕೊಂಡಳು. ದೊನಾ ಅವಳು ಬರುವ ಮುಂಚೆ ಹೇಳಿಬಿಡಬಹುದಿತ್ತು. ಅವಳು ಹೋದ ಮೇಲೆ ಜೋಜಿಯಾನ್‌ಳನ್ನು ಪಕ್ಕಕ್ಕೆ ಕರೆದು, ಕಾಲುವೆ ಹಾಕಮ್ಮ, ಹಣ ನಾನು ಕೊಡ್ತೀನಿ ಎನ್ನಬಹುದಿತ್ತು. ಎರಡನೆಯದನ್ನು ಅವನು ಆಗಲೇ ಮನಸ್ಸಿನಲ್ಲಿ ಜೋಡಿಸಿ, ವಾಕ್ಯಗಳನ್ನು ಸಹ ಸಿದ್ಧ ಮಾಡಿಕೊಂಡಿದ್ದ. ಹನ್ನೊಂದು ಸಾವಿರದ ನಾನೂರಕ್ಕೆ ಮುಗಿದುಹೋಗುವ ಹಾಗಿದ್ದರೆ ಅಗ್ಗವೇ ಎಂದೂ ಅನ್ನಿಸಿತ್ತು. ಪೆನ್ನಿನ ತುದಿ ಕಾಗದ ಮುಟ್ಟಿತು. ಜೋಜಿಯಾನ್ ಅವನನ್ನೇ ನೋಡುತ್ತಿದ್ದಳು. ಮೂರನೆಯ ಸಾಲಿನಲ್ಲಿ ಒಂದು ಕೈ ಇನ್ನೂ ಮೇಲೇ ಇತ್ತು.

"ತುಂಬಿದ ತೊಟ್ಟಿ ತೇಲಲ್ಲ," ಎಂದ ದೊನಾ.

"ಏನಪ್ಪಾ?"

"ಆ ತೊಟ್ಟಿ ಖಾಲಿ ಇತ್ತು. ನಾನು ಖಾಲಿ ಮಾಡಿದ್ದೆ. ಶಾಲೆಯ ಪಂಪು ತಂದು, ಏಪ್ರಿಲ್ ಕೊನೇಲಿ. ಮಾಡಬಾರದು ಅಂತ ಲೊರೆಯಾ ಮೊದಲೇ ಹೇಳಿದ್ದ. ಜಲ್ಲಿಯಲ್ಲಿ ನೀರು ನಿಲ್ಲುತ್ತೆ ಅನ್ನೋದು ನನಗೆ ಹೊಳೀಲಿಲ್ಲ. ಎದ್ದ ಮೇಲೆ ಸೀಳಿದ್ದು, ಸೀಳಿದ ಮೇಲೆ ಎದ್ದದ್ದಲ್ಲ. ತಳ ಚೆನ್ನಾಗೇ ಕುಟ್ಟಿದ್ದ." ತರಗತಿಯಲ್ಲಿ ಹೇಳುವ ಧ್ವನಿಯೇ ಬಂತು, ಬೇರೆ ಧ್ವನಿ ಸಿಗಲಿಲ್ಲ. "ಸಹಿ ಹಾಕ್ಬೇಡ ಮರೀಜ್. ಕಾಲುವೆ ಬೇಕು."

ಜೋಜಿಯಾನ್ ಕಾಗದವನ್ನು ತನ್ನ ಕಡೆ ಎಳೆದುಕೊಂಡು ಆ ಬಾಬ್ತಿನ ಎದುರು ಒಂದು ಗುರುತು ಹಾಕಿದಳು. ಅಷ್ಟೇ ಮಾಡಿದಳು. ಮರೀಜ್ ತಾಯಿಯ ಕಡೆ ನೋಡಿದಳು. ಕೊಲೊಂಬ್ ಬಟ್ಟಲನ್ನು ಮೇಜಿನ ಮೇಲಿಟ್ಟು, ಬಿಸಿ ತಗುಲಿದ ಬೆರಳುಗಳನ್ನು ಒಂದೊಂದಾಗಿ ಏಪ್ರನ್ನಿಗೆ ಒತ್ತಿಕೊಂಡಳು.

"ನೀರು ಬಿರುಕಿನಿಂದ ಹೋಯ್ತು ಅಂದಿದ್ದೆ," ಎಂದಳು.

"ಪಂಪಿನಿಂದ ಹೋಗಿತ್ತು."

"ಅಣ್ಣನಿಗೆ ಗೊತ್ತಿತ್ತಾ?"

ಅವನು ಎದ್ದ. ಹಿಂಬಾಗಿಲಿನಿಂದ ಹಿತ್ತಲಿಗಿಳಿದು, ಜೋಜಿಯಾನ್ ಕಿತ್ತಳೆ ಬಣ್ಣದಲ್ಲಿ ಗುರುತು ಮಾಡಿದ್ದ ಆಯತವನ್ನು ಬಳಸಿ, ಷೆಡ್ಡಿನ ಬಾಗಿಲು ತೆರೆದ. ಕೊಲೊಂಬ್ ಹಿಂದೆಯೇ ಬಂದಿದ್ದಳು. ಅವಳ ಮನೆಚಪ್ಪಲಿ ಒದ್ದೆ ಹುಲ್ಲಿನಲ್ಲಿ ಪಚಪಚ ಎನ್ನುತ್ತಿತ್ತು. ಹಿಮ ಬಾಚುವ ಸಲಿಕೆಗಳ ಹಿಂದೆ, ಅದೇ ಮೊಳೆಯಲ್ಲಿ ಅದು ತೂಗುತ್ತಿತ್ತು. ಕಪ್ಪು ರಬ್ಬರು ಬೂದಾಗಿ ಬಿರಿದಿತ್ತು, ಜೇಡರ ಬಲೆ ಕಟ್ಟಿತ್ತು. ಆದರೆ ಸುತ್ತು ಮಾತ್ರ ಸಡಿಲವಾಗಿರಲಿಲ್ಲ. ಎಷ್ಟೋ ಸಲ ಅವನಿಗೆ ಕೊಳವೆ ಬೇಕಾಗಿತ್ತು, ಹೊಸದು ಕೊಂಡಿದ್ದ. ಇದನ್ನು ಮುಟ್ಟಿರಲಿಲ್ಲ, ಎಸೆದೂ ಇರಲಿಲ್ಲ.

ಕೊಲೊಂಬ್ ಅದರ ಮುಂದೆ ನಿಂತಳು. ಬೆರಳಿನಿಂದ ಗಾಳಿಯಲ್ಲಿಯೇ ಸುತ್ತಿನ ಜಾಡು ಹಿಡಿದು ಒಂದು ಸಲ ತಿರುಗಿಸಿದಳು. ಎಲ್ಲರೂ ಸುತ್ತುವ ದಿಕ್ಕಿಗಲ್ಲ, ಅದರ ಎದುರು ದಿಕ್ಕಿಗೆ. ತುದಿಯನ್ನು ಒಳಗೆ ತೂರಿಸಿ ಬಿಗಿದಿದ್ದ ಗಂಟನ್ನು ಮುಟ್ಟಿದಳು. ಚಿಕ್ಕಂದಿನಲ್ಲಿ ಅವಳ ಜಾರುಬಂಡಿಯ ಹಗ್ಗಕ್ಕೆ, ಶಾಲೆಯ ಬೂಟಿಗೆ, ಇದೇ ಗಂಟು ಹಾಕಿಕೊಟ್ಟವನು ಒಬ್ಬನೇ. ಬಿಚ್ಚಲು ಬಾರದೆ ಅತ್ತದ್ದನ್ನು ಅವಳು ಮದುವೆಯಾದ ಹೊಸತರಲ್ಲಿ ದೊನಾಗೆ ನಗುತ್ತಾ ಹೇಳಿದ್ದಳು.

"ಇದನ್ನ ಸುತ್ತಿಟ್ಟಿದ್ದು ಅವತ್ತೇನಾ?"

"ನಿನ್ನ ಕಾರು ತಿರುವಿನಲ್ಲಿ ಬಂದಾಗ."

ಬೇಲಿಯಾಚೆ ಯಾರದೋ ಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಆ ವರ್ಷದಲ್ಲಿ ಮೊದಲ ಸಲ ಕೆಮ್ಮಿ ಕೆಮ್ಮಿ ಶುರುವಾಗಿ ನಿಂತುಹೋಯಿತು. "ಟೊಮ್ಯಾಟೊ ಗೊಜ್ಜು," ಎಂದಳು ಕೊನೆಗೆ. "ಹೊಸ ವರ್ಷದ ದಿನ. ನಾನು ಅವನಿಗೆ ಅಷ್ಟೊಂದು ಅಂತಾ ಇದ್ದೆ. ನೀನು ಟೊಮ್ಯಾಟೊ ಗೊಜ್ಜು ದಾಟಿಸ್ತಾ ಇದ್ದೆ." ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನೆನಪನ್ನು ಮತ್ತೆ ಜೋಡಿಸಿಕೊಳ್ಳುತ್ತಿದ್ದಳು. ಒಂದೊಂದು ವರ್ಷವನ್ನೂ, ಒಂದೊಂದು ಸಾವಿನ ಮನೆಯನ್ನೂ ತೆಗೆದು ಹೊಸ ಜಾಗದಲ್ಲಿ ಇಡುತ್ತಿದ್ದಳು. ಅದು ಮುಗಿಯುವಷ್ಟು ದಿನ ಇಬ್ಬರಿಗೂ ಉಳಿದಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

"ಕಾರಿನ ಕೀ ತಗೊಂಡು ಬಾ," ಎಂದಳು. "ಅಣ್ಣನ ಬಾಗಿಲು ತಟ್ಟೋನು ನೀನು. ಹೇಳೋನೂ ನೀನೇ. ನಾನು ಹಿಂದೆ ನಿಂತಿರ್ತೀನಿ. ಆಮೇಲೆ ನಾನು ಹೇಳೋದು ನನಗಿದೆ."

ಅವನು ಕೊಳವೆಯನ್ನು ಮೊಳೆಯಿಂದ ಇಳಿಸಿದ. ಹಳೆಯ ರಬ್ಬರು ಮರದಷ್ಟು ಗಡುಸಾಗಿತ್ತು. ಬೀದಿಗೆ ತಂದು ಕಾರಿನ ಹಿಂಬದಿಯ ಡಿಕ್ಕಿಯಲ್ಲಿಡಲು ನೋಡಿದ. ಚಳಿಗಾಲದ ಟೈರುಗಳನ್ನು ಇನ್ನೂ ಇಳಿಸಿರಲಿಲ್ಲ, ಸಿಂಬಿ ಹಿಡಿಸಲಿಲ್ಲ. ಸಡಿಲ ಮಾಡಿದರೆ ಟೈರುಗಳ ಸುತ್ತ ಹೊಂದಿಸಬಹುದು ಎನ್ನಿಸಿ ಗಂಟಿಗೆ ಕೈ ಹಾಕಿದ.

"ಬಿಚ್ಚಬೇಡ," ಕೊಲೊಂಬ್ ಮುಂದಿನ ಸೀಟಿನಿಂದ ಕೈ ಚಾಚಿದಳು. "ಇಲ್ಲಿ ಕೊಡು. ಬಿಚ್ಚಿದ್ರೆ ಮತ್ತೆ ಹೀಗೆ ಸುತ್ತೋಕೆ ನಿನಗೆ ಬರಲ್ಲ."

ಅವನು ತಂದು ಅವಳ ತೊಡೆಯ ಮೇಲಿಟ್ಟ. ರೂಬಾರ್ಬಿನ ಕಲೆ ಹತ್ತಿದ ಏಪ್ರನ್ನಿನ ಮೇಲೆ ಅದರ ಧೂಳು ಉದುರಿತು. ಅವಳು ಎರಡೂ ಕೈಗಳಿಂದ, ಎತ್ತಿಕೊಳ್ಳಲು ಕೊಟ್ಟ ಮಗುವನ್ನು ಹಿಡಿಯುವ ಹಾಗೆ, ಅದನ್ನು ಹಿಡಿದುಕೊಂಡಳು. ದೊನಾ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಕಾರನ್ನು ಬಳಸಿ ಬಂದು, ತನ್ನ ಜಾಗದಲ್ಲಿ ಕೂತ.